ಬೆನ್ನ ಮೇಲೆ ಆರು ತಿಂಗಳ ಸಂಸಾರ: ಅಪಲಾಚಿಯನ್ ಟ್ರೇಲ್ ನಡೆಯುವುದು ಹೇಗೆ?

ಅಮೆರಿಕದ ಜಾರ್ಜಿಯಾ ರಾಜ್ಯದಲ್ಲಿ ಸ್ಪ್ರಿಂಗರ್ ಅಂತ ಒಂದು ಬೆಟ್ಟ ಇದೆ. ಅದರ ತುದಿಯ ಬಂಡೆಯ ಮೇಲೆ ಒಂದು ಬಿಳಿ ಪಟ್ಟಿ ಬಳಿದಿದ್ದಾರೆ. ಎರಡು ಇಂಚು ಅಗಲ, ಆರು ಇಂಚು ಉದ್ದ. ಅಲ್ಲಿಂದ ಮುಂದೆ ಮರ, ಬಂಡೆ, ಸೇತುವೆ, ಊರೊಳಗಿನ ಕಂಬ, ಎಲ್ಲ ಕಡೆ ಅಂಥದೇ ಪಟ್ಟಿ. ಅದನ್ನೇ ನೋಡಿಕೊಂಡು ನಡೆಯುತ್ತಾ ಹೋದರೆ 14 ರಾಜ್ಯ ದಾಟಿ ಮೇನ್ ರಾಜ್ಯದ ಕಟಾಡಿನ್ ಬೆಟ್ಟದ ತುದಿಗೆ ಬರುತ್ತೀರಿ. ದೂರ ಸುಮಾರು 2,200 ಮೈಲಿ, ಅಂದರೆ 3,500 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ. ಬೆಂಗಳೂರಿನಿಂದ ದಿಲ್ಲಿಗೆ ನಡೆದು ಹೋಗಿ, ವಾಪಸ್ ಬರುವಾಗಲೂ ಅರ್ಧ ದಾರಿ ದಾಟಿದ ಹಾಗೆ.

ಹೀಗೆ ಒಂದು ಉದ್ದದ ದಾರಿಯನ್ನು ಈ ತುದಿಯಿಂದ ಆ ತುದಿಯವರೆಗೆ ಒಂದೇ ವರ್ಷದೊಳಗೆ ನಡೆದು ಮುಗಿಸಿದರೆ ಅದು ಥ್ರೂ-ಹೈಕ್. ಅಪಲಾಚಿಯನ್ ಟ್ರೇಲ್‌ನಲ್ಲಿ ಶುರು ಮಾಡಿದ ನಾಲ್ವರಲ್ಲಿ ಹೆಚ್ಚುಕಮ್ಮಿ ಒಬ್ಬರು ಮಾತ್ರ ಮುಗಿಸುತ್ತಾರೆ. ನಾನಿರುವುದು ನ್ಯೂಜೆರ್ಸಿಯಲ್ಲಿ. ಸ್ಪ್ರಿಂಗರ್‌ನಿಂದ ವರ್ಜೀನಿಯಾದ ಡಮಾಸ್ಕಸ್ ಊರಿನವರೆಗೆ, 470 ಮೈಲಿ, ಐದೂವರೆ ವಾರ ನಡೆದೆ. ಮೊಣಕಾಲಿನ ಕೆಳಗೆ ಮೂಳೆ ನೋವು ಜಾಸ್ತಿಯಾಗಿ ಅಲ್ಲಿ ನಿಲ್ಲಿಸಿದೆ. ಉಳಿದದ್ದನ್ನು ರಜೆ ಸಿಕ್ಕಾಗಲೆಲ್ಲ ತುಂಡು ತುಂಡಾಗಿ ನಡೆಯುತ್ತಿದ್ದೇನೆ. ಇಷ್ಟರಲ್ಲಿ ನನಗೆ ಗೊತ್ತಾದದ್ದು ಒಂದೇ. ಇದೊಂದು ಸಂಸಾರ. ಅಡುಗೆ, ನೀರು, ಬಟ್ಟೆ ಒಣಗಿಸುವುದು, ನಾಳೆಗೆ ಏನಿದೆ ಅಂತ ನೋಡಿಕೊಳ್ಳುವುದು, ಇಷ್ಟನ್ನು ಬೇಸರವಿಲ್ಲದೆ ದಿನಾ ಮಾಡುವವರು ಮುಂದೆ ಹೋಗುತ್ತಾರೆ. ಗಟ್ಟಿ ಕಾಲು ದಾರಿಯಲ್ಲೇ ಬರುತ್ತದೆ.

ಯಾವ ದಾರಿ?

ಅಮೆರಿಕದಲ್ಲಿ ದೊಡ್ಡ ದಾರಿಗಳು ಮೂರು. ಪೂರ್ವದಲ್ಲಿ ಅಪಲಾಚಿಯನ್. ಪಶ್ಚಿಮದಲ್ಲಿ ಪೆಸಿಫಿಕ್ ಕ್ರೆಸ್ಟ್, ಅದು 2,650 ಮೈಲಿ, ಮೆಕ್ಸಿಕೊ ಗಡಿಯಿಂದ ಕ್ಯಾಲಿಫೋರ್ನಿಯಾ, ಆರೆಗಾನ್, ವಾಷಿಂಗ್ಟನ್ ರಾಜ್ಯಗಳನ್ನು ದಾಟಿ ಕೆನಡಾ ಗಡಿಯವರೆಗೆ. ನಡುವೆ ಕಾಂಟಿನೆಂಟಲ್ ಡಿವೈಡ್, ಸುಮಾರು 3,100 ಮೈಲಿ. ಮೂರನ್ನೂ ನಡೆದವರಿಗೆ ಟ್ರಿಪಲ್ ಕ್ರೌನ್ ಅನ್ನುತ್ತಾರೆ.

ಪೆಸಿಫಿಕ್ ಕ್ರೆಸ್ಟ್‌ಗೆ ಪರ್ಮಿಟ್ ಬೇಕು. ಮೆಕ್ಸಿಕೊ ಗಡಿಯಿಂದ ಉತ್ತರಕ್ಕೆ ದೂರ ಹೊರಡುವವರಿಗೆ ದಿನಕ್ಕೆ 50 ಪರ್ಮಿಟ್ ಮಾತ್ರ. ಮೊದಲ 700 ಮೈಲಿ ಹೆಚ್ಚಾಗಿ ಒಣ ನೆಲ, ಆಮೇಲೆ ಸಿಯೆರಾ ಬೆಟ್ಟಗಳ ಹಿಮ. 2025ರಿಂದ ಆ ದಾರಿಯಲ್ಲಿ ನಡೆದುಕೊಂಡು ಕೆನಡಾದೊಳಗೆ ಹೋಗಲು ಕೆನಡಾ ಅನುಮತಿ ಕೊಡುತ್ತಿಲ್ಲ. ಹಾಗಾಗಿ ಗಡಿಯ ಕಂಬ ಮುಟ್ಟಿ ವಾಪಸ್ ನಡೆದು ಬರಬೇಕು.

ಮೊದಲ ಸಲಕ್ಕೆ ನಾನು ಹೇಳುವುದು ಅಪಲಾಚಿಯನ್. ಇಡೀ ದಾರಿಗೆ ಅಂತ ಒಂದು ಪರ್ಮಿಟ್ ಬೇಕಿಲ್ಲ, ಗ್ರೇಟ್ ಸ್ಮೋಕಿ ಪಾರ್ಕಿನಂಥ ಕೆಲವು ಕಡೆ ಮಾತ್ರ ತೆಗೆದುಕೊಳ್ಳಬೇಕು. ಮೂರು ಗೋಡೆಯ ಮರದ ಶೆಲ್ಟರ್‌ಗಳು 250ಕ್ಕಿಂತ ಜಾಸ್ತಿ ಇವೆ. ಮೂರರಿಂದ ಐದು ದಿನಕ್ಕೊಂದು ಊರು ಸಿಗುತ್ತದೆ. ಹಾಗಂತ ಸುಲಭ ಅಂದುಕೊಳ್ಳಬೇಡಿ. ಇಲ್ಲಿನ ಬಹಳಷ್ಟು ಏರುಗಳು ಬೆಟ್ಟವನ್ನು ಬಳಸಿ ಹೋಗುವುದಿಲ್ಲ, ನೆಟ್ಟಗೆ ಮೇಲಕ್ಕೆ ಹತ್ತಿಸುತ್ತವೆ. ಎಲ್ಲ ಏರು ಕೂಡಿಸಿದರೆ ಸಮುದ್ರಮಟ್ಟದಿಂದ ಎವರೆಸ್ಟ್ ತುದಿಯವರೆಗೆ 16 ಸಲ ಹತ್ತಿದಷ್ಟು.

ಈ ದಾರಿ ಬೇಕು ಅಂತ 1921ರಲ್ಲಿ ಮೊದಲು ಬರೆದವರು ಬೆಂಟನ್ ಮೆಕಾಯ್. ಕೆಲಸ ಮುಗಿದದ್ದು 1937ರಲ್ಲಿ. 1948ರಲ್ಲಿ ಅರ್ಲ್ ಶಾಫರ್ ಒಂದೇ ಸಲಕ್ಕೆ ನಡೆದು ಮುಗಿಸಿದರು. ಆದರೆ ನನಗೆ ಸದಾ ನೆನಪಾಗುವುದು ಎಮ್ಮಾ ಗೇಟ್‌ವುಡ್ ಅಜ್ಜಿ. ಹನ್ನೊಂದು ಮಕ್ಕಳ ತಾಯಿ. 1954ರಲ್ಲಿ ಮೇನ್ ಕಡೆಯಿಂದ ಹೊರಟು, ದಾರಿ ತಪ್ಪಿ ಮನೆಗೆ ಹೋದರು. ಮರುವರ್ಷ 67ನೇ ವಯಸ್ಸಿನಲ್ಲಿ ಜಾರ್ಜಿಯಾದಿಂದ ಹೊರಟು ಕಟಾಡಿನ್ ಮುಟ್ಟಿದರು. ಕಾಲಿಗೆ ಕ್ಯಾನ್ವಾಸ್ ಶೂ, ಹೆಗಲಿಗೆ ತಾವೇ ಹೊಲಿದ ಚೀಲ, ಮಳೆ ಬಂದರೆ ಬಾತ್‌ರೂಮಿನ ಪ್ಲಾಸ್ಟಿಕ್ ಪರದೆ. ಆಮೇಲೆ ಇನ್ನೂ ಎರಡು ಸಲ ಈ ದಾರಿ ಮುಗಿಸಿದರು! ಸಾಮಾನಿನ ಅಂಗಡಿಗೆ ಹೋಗುವ ಮುಂಚೆ ಈ ಅಜ್ಜಿಯನ್ನು ನೆನೆದು ಹೋಗಿ, ದುಡ್ಡು ಉಳಿಯುತ್ತದೆ.

ಯಾವಾಗ ಹೊರಡಬೇಕು?

ಹೆಚ್ಚಿನವರು ಮಾರ್ಚ್, ಏಪ್ರಿಲ್‌ನಲ್ಲಿ ಜಾರ್ಜಿಯಾದಿಂದ ಉತ್ತರಕ್ಕೆ ಹೊರಡುತ್ತಾರೆ. ಅವರನ್ನು ನೋಬೋ ಅಂತಾರೆ. ದಕ್ಷಿಣಕ್ಕೆ ಬರುವವರು ಸೋಬೋ. ನಡುವಿನಲ್ಲಿ ಶುರು ಮಾಡಿ ಒಂದು ತುದಿ ಮುಗಿಸಿ, ಮತ್ತೆ ಬಂದು ಇನ್ನೊಂದು ಕಡೆ ನಡೆಯುವವರು ಫ್ಲಿಪ್-ಫ್ಲಾಪ್. ಪೂರ್ತಿ ದಾರಿಗೆ ಐದರಿಂದ ಏಳು ತಿಂಗಳು ಬೇಕು, ಮತ್ತು ಅಕ್ಟೋಬರ್ ಮಧ್ಯದೊಳಗೆ ಕಟಾಡಿನ್ ಹತ್ತಿ ಮುಗಿಸಬೇಕು. ಆಮೇಲೆ ಅಲ್ಲಿ ಚಳಿಗಾಲ ಶುರು.

ಭಾರತದಿಂದ ಬರುವವರು ವೀಸಾ ಲೆಕ್ಕವನ್ನು ಮೊದಲೇ ಹಾಕಿ. ಪ್ರವಾಸಿ ವೀಸಾ ಇದ್ದರೆ ಸಾಮಾನ್ಯವಾಗಿ ಒಂದು ಸಲಕ್ಕೆ ಆರು ತಿಂಗಳು ಇರಲು ಬಿಡುತ್ತಾರೆ, ಎಷ್ಟು ದಿನ ಅಂತ ವಿಮಾನ ನಿಲ್ದಾಣದ ಅಧಿಕಾರಿ ತೀರ್ಮಾನಿಸುತ್ತಾರೆ. ಅಷ್ಟರಲ್ಲಿ ಮುಗಿಸಲು ದಿನಕ್ಕೆ ಸರಾಸರಿ ಸುಮಾರು 20 ಕಿ.ಮೀ. ನಡೆಯಬೇಕು, ರಜೆಯ ದಿನಗಳೂ ಅದರಲ್ಲೇ ಬಂದವು. ಖರ್ಚು ತಿಂಗಳಿಗೆ ಸಾವಿರ ಡಾಲರ್‌ಗಿಂತ ಕಮ್ಮಿ ಹಿಡಿಯಬೇಡಿ. ದುಡ್ಡು ಕರಗುವುದು ಕಾಡಿನಲ್ಲಲ್ಲ, ಊರಿನ ಹೋಟೆಲು, ಲಾಡ್ಜುಗಳಲ್ಲಿ.

ತಯಾರಿಗೆ ಜಿಮ್‌ಗಿಂತ ಬೆಟ್ಟ ಒಳ್ಳೆಯದು. ಪೂರ್ತಿ ಭಾರದ ಚೀಲ ಹೊತ್ತು ಕುಮಾರ ಪರ್ವತ ಹತ್ತಿ ಇಳಿಯಿರಿ. ಮರುದಿನ ಬೆಳಗ್ಗೆ ಎದ್ದು ಅದೇ ಚೀಲ ಹೊತ್ತು ಮತ್ತೆ ನಾಲ್ಕು ಗಂಟೆ ನಡೆಯಿರಿ. ಆ ಎರಡನೇ ದಿನ ಕಲಿಸುವಷ್ಟು ಬೇರೆ ಯಾವುದೂ ಕಲಿಸುವುದಿಲ್ಲ.

ಚೀಲ, ಚಪ್ಪಲಿ

ಅಡುಗೆಮನೆಯ ತಕ್ಕಡಿ ತೆಗೆದುಕೊಂಡು ಒಂದೊಂದನ್ನೂ ತೂಗಿ ಬರೆದಿಡಿ. ಊಟ, ನೀರು, ಗ್ಯಾಸ್ ಬಿಟ್ಟು ಉಳಿದ ಭಾರ 9 ಕಿಲೋ ಒಳಗಿರಲಿ, 7ಕ್ಕೆ ಇಳಿದರೆ ಇನ್ನೂ ಒಳ್ಳೆಯದು. ಭಾರ ಇಳಿಸಲು ಟೆಂಟ್, ಸ್ಲೀಪಿಂಗ್ ಬ್ಯಾಗ್, ಬೆನ್ನಿನ ಚೀಲ ಈ ಮೂರನ್ನು ನೋಡಿ. ಹಲ್ಲುಜ್ಜುವ ಬ್ರಶ್ಶಿನ ಹಿಡಿ ಮುರಿದು ಭಾರ ಇಳಿಸಲು ಹೋದರೆ ಏನೂ ಉಳಿಯಲ್ಲ. ಹತ್ತಿ ಬಟ್ಟೆ ಬೇಡವೇ ಬೇಡ, ನೆಂದರೆ ಒಣಗುವುದಿಲ್ಲ, ಚಳಿಯಲ್ಲಿ ಮೈಬಿಸಿ ಹೀರಿಬಿಡುತ್ತದೆ. ರಾತ್ರಿಗೆ ಅಂತ ಒಂದು ಜೊತೆ ಉಣ್ಣೆ ಕಾಲುಚೀಲ ಬೇರೆ ಇಡಿ, ಎಷ್ಟೇ ಆಸೆಯಾದರೂ ಹಗಲು ಹಾಕಬೇಡಿ.

ಸ್ಪ್ರಿಂಗರ್‌ನಿಂದ 31 ಮೈಲಿ ನಡೆದ ಮೇಲೆ ನೀಲ್ ಗ್ಯಾಪ್ ಅನ್ನುವ ಜಾಗ ಬರುತ್ತದೆ. ಅಲ್ಲಿ ಕಲ್ಲಿನ ಕಟ್ಟಡದಲ್ಲೊಂದು ಅಂಗಡಿ ಇದೆ, ದಾರಿ ಆ ಕಟ್ಟಡದ ನಡುವೆಯೇ ಹಾದುಹೋಗುತ್ತದೆ. ಹೊರಗಿನ ಮರದಲ್ಲಿ ಜನ ಬಿಟ್ಟುಹೋದ ಹಳೇ ಶೂಗಳು ನೇತಾಡುತ್ತಿರುತ್ತವೆ. ಅಂಗಡಿಯವರು ನಿಮ್ಮ ಚೀಲ ಬಿಚ್ಚಿ, ಇದು ಬೇಕು, ಇದು ಬೇಡ ಅಂತ ವಿಂಗಡಿಸಿಕೊಡುತ್ತಾರೆ. ಬೇಡದ್ದನ್ನು ಅಲ್ಲಿಂದಲೇ ಮನೆಗೆ ಪಾರ್ಸೆಲ್ ಕಳಿಸಬಹುದು. ನಾಚಿಕೊಳ್ಳದೆ ಬಿಚ್ಚಿ ತೋರಿಸಿ.

ಭಾರದ ಬೂಟ್‌ಗಿಂತ ಓಡುವ ಶೂ ಮಾದರಿಯ ಟ್ರೇಲ್ ರನ್ನರ್ ಒಳ್ಳೆಯದು, ಬೇಗ ಒಣಗುತ್ತದೆ. ಒಂದು ಜೊತೆ 300ರಿಂದ 500 ಮೈಲಿ ಬರುತ್ತದೆ, ಅಂದರೆ ಐದರಿಂದ ಏಳೆಂಟು ಜೊತೆ ಬೇಕು. ಎಲ್ಲ ಒಟ್ಟಿಗೆ ಕೊಳ್ಳಬೇಡಿ. ನಡೆದು ನಡೆದು ಪಾದ ಊದಿ ಅಗಲವಾಗುತ್ತದೆ, ಅಳತೆ ಅರ್ಧದಿಂದ ಒಂದು ಹೆಚ್ಚಾಗಬಹುದು. ಕಾಲಿನ ಒಂದು ಕಡೆ ಬಿಸಿ ಅನ್ನಿಸಿದ ತಕ್ಷಣ ಕೂತು ಟೇಪ್ ಹಚ್ಚಿ. ಇನ್ನೊಂದು ಮೈಲಿ ಆದಮೇಲೆ ನೋಡೋಣ ಅಂದರೆ ಗುಳ್ಳೆ ಎದ್ದಿರುತ್ತದೆ.

ಊಟ ಮತ್ತು ನೀರು

ಎರಡು ಮೂರು ವಾರದ ಮೇಲೆ ಒಂದು ಹಸಿವು ಶುರುವಾಗುತ್ತದೆ. ಊಟ ಮುಗಿಸಿ ಪಾತ್ರೆ ತೊಳೆಯುವಾಗಲೇ ಮತ್ತೆ ಹಸಿವು! ದಿನಕ್ಕೆ ನಾಲ್ಕು ಸಾವಿರ ಕ್ಯಾಲೊರಿ ತಿಂದರೂ ಸಾಲುವುದಿಲ್ಲ. ಹೊರುವುದು ಮಾತ್ರ ದಿನಕ್ಕೆ ಸುಮಾರು 900 ಗ್ರಾಂ. ಅದಕ್ಕೇ ಎಣ್ಣೆಯಂಶ ಇರುವುದು ಬೇಕು. ಒಂದು ಗ್ರಾಂ ಎಣ್ಣೆಯಲ್ಲಿ 9 ಕ್ಯಾಲೊರಿ, ಅಕ್ಕಿಯಲ್ಲಿ ಅದರ ಅರ್ಧವೂ ಇಲ್ಲ. ಅಲ್ಲಿನವರು ನೂಡಲ್ಸ್, ಚಪಾತಿಯಂಥ ಟೋರ್ಟಿಯಾ, ಪೀನಟ್ ಬಟರ್, ಆಲೂಗಡ್ಡೆ ಪುಡಿಯ ಮೇಲೆ ಬದುಕುತ್ತಾರೆ.

ನಮ್ಮ ಮನೆಯ ಡಬ್ಬಿಗಳು ಇಲ್ಲಿ ತುಂಬಾ ಕೆಲಸಕ್ಕೆ ಬರುತ್ತವೆ, ಇದನ್ನು ನಾನು ತಿಂದೇ ಹೇಳುತ್ತಿದ್ದೇನೆ. ದಪ್ಪ ಅವಲಕ್ಕಿಯನ್ನು ತರಿಯಾಗಿ ಪುಡಿ ಮಾಡಿ, ಹುಳಿಪುಡಿ, ಬೆಲ್ಲದ ಪುಡಿ, ಒಣಕೊಬ್ಬರಿ, ಹುರಿದ ಕಡಲೆಬೀಜ, ಉಪ್ಪು ಬೆರೆಸಿ ಪೊಟ್ಟಣ ಕಟ್ಟಿಡಿ. ಖಾಲಿಯಾದ ಪೀನಟ್ ಬಟರ್ ಡಬ್ಬಿಗೆ ಹಾಕಿ, ತಣ್ಣೀರು ಹೊಯ್ದು, ಮುಚ್ಚಳ ಬಿಗಿದು ಚೀಲದಲ್ಲಿಟ್ಟು ನಡೆಯಿರಿ. ಅರ್ಧ ಗಂಟೆಗೆ ಗೊಜ್ಜವಲಕ್ಕಿ ಸಿದ್ಧ. ಒಲೆ ಬೇಡ, ಗ್ಯಾಸ್ ಬೇಡ. ಬೆಳಗ್ಗೆಗೆ ಹುರಿಹಿಟ್ಟು, ಬೆಲ್ಲ, ಬಿಸಿನೀರು. ಟೋರ್ಟಿಯಾ ಮೇಲೆ ಪೀನಟ್ ಬಟರ್ ಸವರಿ ಮೇಲೊಂದಿಷ್ಟು ಚಟ್ನಿಪುಡಿ ಉದುರಿಸಿ ಪಕ್ಕದವರಿಗೂ ಕೊಟ್ಟು ನೋಡಿ, ಮರುದಿನ ಅವರೇ ಹುಡುಕಿಕೊಂಡು ಬರುತ್ತಾರೆ.

ಅಮೆರಿಕದಲ್ಲಿ ಅಕ್ಕನೋ ಭಾವನೋ ಇದ್ದರೆ, ಇಂಥ ಪೊಟ್ಟಣಗಳನ್ನು ಮುಂದಿನ ಊರಿನ ಅಂಚೆ ಕಚೇರಿಗೆ ನಿಮ್ಮ ಹೆಸರಿಗೇ ಕಳಿಸಲು ಹೇಳಿ, ಇಟ್ಟುಕೊಂಡಿದ್ದು ಕೊಡುತ್ತಾರೆ. ಸಣ್ಣ ಊರಿನ ಅಂಚೆ ಕಚೇರಿ ಭಾನುವಾರ ತೆಗೆದಿರುವುದಿಲ್ಲ, ಶನಿವಾರವೂ ಅನುಮಾನ. ಆರು ತಿಂಗಳಿಗಾಗುವಷ್ಟು ಮೊದಲೇ ಕಟ್ಟಿಡಬೇಡಿ, ನಾಲಿಗೆ ರುಚಿ ಬದಲಾಗುತ್ತದೆ. ರಾತ್ರಿ ಊಟದ ಚೀಲ ಟೆಂಟಿನೊಳಗೆ ಇಡಬೇಡಿ. ಕಪ್ಪು ಕರಡಿಗಳಿವೆ. ಎತ್ತರದ ಕೊಂಬೆಗೆ ಕಟ್ಟಿ, ಇಲ್ಲವೇ ಕರಡಿ ತೆಗೆಯಲಾಗದ ಗಟ್ಟಿ ಡಬ್ಬಿ ಇಟ್ಟುಕೊಳ್ಳಿ.

ನೀರು ಬೇಕಾದಷ್ಟು ಸಿಗುತ್ತದೆ, ಸೋಸದೆ ಕುಡಿಯಬೇಡಿ. ಕೈಯಲ್ಲಿ ಹಿಡಿಯುವಷ್ಟು ಸಣ್ಣ ಫಿಲ್ಟರ್ ಸಾಕು. ಅದರ ಬಗ್ಗೆ ಒಂದು ಮಾತು ಹೇಳಲೇಬೇಕು. ಸ್ಮೋಕಿ ಬೆಟ್ಟಗಳಲ್ಲಿ ಏಪ್ರಿಲ್ ಮೊದಲ ವಾರ ಒಂದು ರಾತ್ರಿ ಶೆಲ್ಟರ್‌ನಲ್ಲಿ ಮಲಗಿದ್ದೆ. ಬೆಳಗ್ಗೆ ಎದ್ದರೆ ಶೂ ಲೇಸು ತಂತಿಯ ಹಾಗೆ ಸೆಟೆದು ನಿಂತಿತ್ತು, ಬಾಟಲಿಯ ನೀರು ಗಟ್ಟಿ. ಚೀಲದ ಹೊರಜೇಬಿನಲ್ಲಿದ್ದ ಫಿಲ್ಟರ್ ಅಲ್ಲಾಡಿಸಿದರೆ ಒಳಗೆ ಮಂಜುಗಡ್ಡೆ ಸದ್ದು. ಈ ಫಿಲ್ಟರಿನೊಳಗೆ ಕೂದಲಿನಷ್ಟು ಸಣ್ಣ ಕೊಳವೆಗಳಿರುತ್ತವೆ, ನೀರು ಹೆಪ್ಪುಗಟ್ಟಿದರೆ ಅವು ಬಿರಿಯುತ್ತವೆ. ಕರಗಿದ ಮೇಲೆ ನೀರು ಮೊದಲಿನಂತೆಯೇ ಬರುತ್ತದೆ, ಸೋಸಿದೆಯೋ ಇಲ್ಲವೋ ಕಣ್ಣಿಗೆ ಗೊತ್ತಾಗುವುದಿಲ್ಲ. ಹಾಟ್ ಸ್ಪ್ರಿಂಗ್ಸ್ ಊರು ಸೇರುವವರೆಗೂ ಪ್ರತಿ ಲೀಟರ್ ನೀರನ್ನೂ ಕುದಿಸಿ ಕುಡಿದೆ, ಗ್ಯಾಸ್ ತಳ ಕಂಡಿತು. ಅಂದಿನಿಂದ ಚಳಿ ರಾತ್ರಿಗಳಲ್ಲಿ ಫಿಲ್ಟರ್ ನನ್ನ ಜೊತೆ ಸ್ಲೀಪಿಂಗ್ ಬ್ಯಾಗಿನೊಳಗೇ ಮಲಗುತ್ತದೆ.

ಇನ್ನೊಂದು, ಸೋಪು. ಶೆಲ್ಟರ್‌ಗಳಲ್ಲಿ ನೊರೊವೈರಸ್ ಹರಡಿದರೆ ವಾಂತಿ ಭೇದಿಯಿಂದ ಜನ ಸಾಲಾಗಿ ಮಲಗುತ್ತಾರೆ. ಅದಕ್ಕೆ ಸ್ಯಾನಿಟೈಸರ್ ನೆಚ್ಚಿಕೊಳ್ಳಬೇಡಿ, ಸೋಪು ನೀರಿನಲ್ಲಿ ಕೈ ತೊಳೆಯಿರಿ. ಶೌಚಕ್ಕೆ ನೀರಿನಿಂದ 200 ಅಡಿ ದೂರ, ಆರೆಂಟು ಇಂಚು ಆಳದ ಗುಂಡಿ ತೋಡಿ ಮುಚ್ಚಿ. ಸಂಜೆ ಮೈಯೆಲ್ಲ ನೋಡಿಕೊಂಡು ರಕ್ತ ಹೀರುವ ಉಣ್ಣಿ ಹುಳ ಕಿತ್ತುಬಿಡಿ. ಇಲ್ಲಿನವು ಲೈಮ್ ಕಾಯಿಲೆ ಹರಡುತ್ತವೆ.

ದಿನ ಹೇಗಿರುತ್ತದೆ?

ಬೆಳಕು ಹರಿಯುವಾಗ ಏಳುವುದು. ಒದ್ದೆ ಕಾಲುಚೀಲ ಹಾಕುವ ಆ ಒಂದು ನಿಮಿಷ ದಿನದ ಅತಿ ಕಷ್ಟದ ನಿಮಿಷ. ಮೊದಲ ಎರಡು ವಾರ ದಿನಕ್ಕೆ 8ರಿಂದ 10 ಮೈಲಿ ಸಾಕು, ಹುಮ್ಮಸ್ಸಿನಲ್ಲಿ ಜಾಸ್ತಿ ನಡೆದು ನನ್ನ ಹಾಗೆ ಮೂಳೆ ನೋವು ತಂದುಕೊಳ್ಳಬೇಡಿ. ವಾರಕ್ಕೊಂದು ದಿನ ಪೂರ್ತಿ ರಜೆ, ಅದಕ್ಕೆ ಝೀರೋ ಅನ್ನುತ್ತಾರೆ. ಎಲ್ಲರಿಗೂ ದಾರಿಯಲ್ಲಿ ಒಂದು ಅಡ್ಡಹೆಸರು ಬೀಳುತ್ತದೆ, ನಿಜವಾದ ಹೆಸರು, ಕೆಲಸ ಯಾರೂ ಕೇಳುವುದಿಲ್ಲ. ಯಾವುದೋ ರಸ್ತೆ ದಾಟುವಾಗ ಗುರುತೇ ಇಲ್ಲದ ಹೆಂಗಸೊಬ್ಬರು ಕಾರಿನ ಡಿಕ್ಕಿ ತೆಗೆದು ಕಿತ್ತಳೆ ಹಣ್ಣು, ತಂಪು ಸೋಡಾ ಕೊಟ್ಟು ಕಳಿಸುತ್ತಾರೆ. ಆ ಕಿತ್ತಳೆಯ ರುಚಿ ನನಗೆ ಇನ್ನೂ ನೆನಪಿದೆ.

ಮನಸ್ಸು ಸೋಲುವುದು ಸಾಮಾನ್ಯವಾಗಿ ವರ್ಜೀನಿಯಾದಲ್ಲಿ. ಇಡೀ ದಾರಿಯ ಕಾಲು ಭಾಗ ಅದೊಂದೇ ರಾಜ್ಯ. ಎಷ್ಟು ನಡೆದರೂ ಮುಗಿಯುವುದಿಲ್ಲ. ದಾರಿಯವರು ಒಂದು ನಿಯಮ ಹೇಳಿಕೊಡುತ್ತಾರೆ. ಮಳೆಯ ದಿನ, ಏರಿನ ದಿನ ಬಿಟ್ಟುಹೋಗುವ ತೀರ್ಮಾನ ಮಾಡಬಾರದು. ಊರಿಗೆ ಹೋಗಿ, ಸ್ನಾನ ಮಾಡಿ, ಹೊಟ್ಟೆ ತುಂಬಾ ತಿಂದು, ನಿದ್ದೆ ಮಾಡಿ ಎದ್ದಮೇಲೂ ಬೇಡ ಅನ್ನಿಸಿದರೆ ಸಂತೋಷವಾಗಿ ಮನೆಗೆ ಹೋಗಿ.

ಪೆನ್ಸಿಲ್ವೇನಿಯಾದ ಚೂಪು ಕಲ್ಲು, ನ್ಯೂ ಹ್ಯಾಂಪ್‌ಶೈರ್‌ನ ಬಿಳಿ ಬೆಟ್ಟಗಳ ಗಾಳಿ ದಾಟಿದರೆ ಮೇನ್. ಅಲ್ಲಿ ಕೆನೆಬೆಕ್ ನದಿಯನ್ನು ಸಣ್ಣ ದೋಣಿಯಲ್ಲಿ ದಾಟಿಸುತ್ತಾರೆ, ದೋಣಿಯ ತಳದಲ್ಲೂ ಒಂದು ಬಿಳಿ ಪಟ್ಟಿ ಬಳಿದಿದೆ. ಆಮೇಲೆ ಊರೇ ಇಲ್ಲದ ನೂರು ಮೈಲಿ ಕಾಡು. ಅದು ಮುಗಿದ ಮೇಲೆ ಬ್ಯಾಕ್ಸ್‌ಟರ್ ಪಾರ್ಕಿನಲ್ಲಿ ಹೆಸರು ಬರೆಸಿ ಪರ್ಮಿಟ್ ಪಡೆದು ಕಟಾಡಿನ್ ಹತ್ತಬೇಕು. ತುದಿಯಲ್ಲಿ ಒಂದು ಮರದ ಫಲಕ ಇದೆ. ಅದನ್ನು ಮುಟ್ಟಿದರೆ ಟ್ರೇಲ್ ಮುಗಿಯಿತು. ಆದರೆ ಕೆಳಗೆ ಕ್ಯಾಂಪಿಗೆ ಇನ್ನೂ ಐದು ಮೈಲಿ ಕಲ್ಲಿನ ಇಳಿಜಾರು ಇಳಿಯಬೇಕು, ಅದಕ್ಕೆ ಒಂದು ಲೀಟರ್ ನೀರು, ಒಂದು ಪೊಟ್ಟಣ ಅವಲಕ್ಕಿ, ತಲೆಗೆ ಕಟ್ಟುವ ಟಾರ್ಚು ಉಳಿಸಿಕೊಂಡಿರಿ.