ಕೆನಡಾದಲ್ಲಿ ಮೆಡಿಕಲ್ ರೆಕಾರ್ಡ್ಸ್ ಕೆಲಸ: ಬೆಂಗಳೂರಿನಲ್ಲೇ ತಯಾರಿ ಮಾಡಿಕೊಳ್ಳುವುದು ಹೇಗೆ?

ನನ್ನ ಹತ್ತಿರ ಸಲಹೆ ಕೇಳಿಕೊಂಡು ಬರುವ ನರ್ಸ್‌ಗಳು, ಡೆಂಟಿಸ್ಟ್‌ಗಳು ಹೆಚ್ಚಾಗಿ ಒಂದೇ ತಪ್ಪು ಮಾಡಿರುತ್ತಾರೆ. ಹೊರಟಿರುವುದು ಕೆನಡಾಕ್ಕೆ, ದುಡ್ಡು ಕಟ್ಟಿರುವುದು ಅಮೆರಿಕದ ಕೋಡಿಂಗ್ (ರೋಗಿಯ ಕಾಯಿಲೆ, ಚಿಕಿತ್ಸೆಗಳನ್ನು ನಿಗದಿತ ಕೋಡ್‌ಗಳಲ್ಲಿ ಬರೆಯುವ ಕೆಲಸ) ಕೋರ್ಸಿಗೆ. ಬೆಂಗಳೂರಿನಲ್ಲಿ ಸುಲಭವಾಗಿ ಸಿಗುವುದು ಅದೇ ಅಲ್ವಾ, ಇಲ್ಲಿನ ಕಂಪನಿಗಳಿಗೆ ಜಾಸ್ತಿ ಕೆಲಸ ಬರುವುದು ಅಮೆರಿಕದಿಂದ.

ಮೊದಲು ದೇಶ ನಿರ್ಧರಿಸಿ, ಆಮೇಲೆ ಕೋರ್ಸ್. ಅಮೆರಿಕ 2015ರ ಅಕ್ಟೋಬರ್‌ನಿಂದ ಐಸಿಡಿ-10-ಸಿಎಂ ಅನ್ನುವ ಕಾಯಿಲೆಗಳ ಕೋಡ್ ಪಟ್ಟಿ ಬಳಸುತ್ತಿದೆ, ಅಲ್ಲಿ ಆರೋಗ್ಯ ದಾಖಲೆ ವೃತ್ತಿಯವರ ಅಹಿಮಾ ಸಂಸ್ಥೆಯ ಆರ್‌ಎಚ್‌ಐಟಿ, ಆರ್‌ಎಚ್‌ಐಎ ಸರ್ಟಿಫಿಕೇಟುಗಳಿಗೆ ಬೆಲೆ. ಕೆನಡಾದ್ದು ಐಸಿಡಿ-10-ಸಿಎ, ಆಪರೇಷನ್‌ಗಳಿಗೆ ಸಿಸಿಐ ಅಂತ ಬೇರೆಯೇ ಪಟ್ಟಿ. ಈ ಕೆಲಸಕ್ಕೆ ಅಲ್ಲಿರುವ ಸಿಎಚ್‌ಐಎಂ ಸರ್ಟಿಫಿಕೇಟಿನ ಪರೀಕ್ಷೆಗೆ ಕೂರಲು ಸಾಮಾನ್ಯವಾಗಿ ಮಾನ್ಯತೆ ಇರುವ ಕಾಲೇಜಿನ ಕೋರ್ಸ್ ಮುಗಿಸಿರಬೇಕು. ಫೀಸ್ ಕಟ್ಟುವ ಮೊದಲು ಮಾನ್ಯತೆಯ ಪಟ್ಟಿಯಲ್ಲಿ ಆ ಕಾಲೇಜಿನ ಹೆಸರು ಇದೆಯಾ ಅಂತ ನೀವೇ ನೋಡಿ, ಏಜೆಂಟರ ಮಾತು ನಂಬಬೇಡಿ.

ಕಾಗದಪತ್ರ ಬೇಗ ಶುರು ಮಾಡಿ. ನರ್ಸಿಂಗ್, ಡೆಂಟಲ್ ಓದಿದವರು ಜಯನಗರದ ರಾಜೀವ್ ಗಾಂಧಿ ಆರೋಗ್ಯ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ತರಿಸಬೇಕು. ನಿಮ್ಮ ಡಿಗ್ರಿ ಕೆನಡಾದ ಯಾವ ಓದಿಗೆ ಸಮ ಅಂತ ಹೇಳುವ ಮೌಲ್ಯಮಾಪನದ ವರದಿ ಬಂದ ಕೂಡಲೇ ಕೆಲಸದ ಅರ್ಹತೆ ಸಿಕ್ಕಿತು ಅಂದುಕೊಳ್ಳಬೇಡಿ. ಅದು ವಲಸೆ ಅರ್ಜಿಗೆ ಮಾತ್ರ, ವಲಸೆಗೆ ಅದರ ಅವಧಿ 5 ವರ್ಷ.

ಈಗ ಎಲ್ಲರೂ ಎಡವುವ ಜಾಗ, ಮುಖ್ಯ ಕಾಯಿಲೆ ಯಾವುದು ಅಂತ ಗುರುತಿಸುವುದು. ಒಂದು ಕೇಸ್ ಶೀಟ್ ನಿಮ್ಮ ಮುಂದಿದೆ ಅಂದುಕೊಳ್ಳಿ. 72 ವರ್ಷದ ಅಜ್ಜಿ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡು ಅಡ್ಮಿಟ್ ಆಗಿದ್ದಾರೆ. ಎರಡನೇ ದಿನ ಆಪರೇಷನ್ ಆಯಿತು. ನಾಲ್ಕನೇ ದಿನ ಸ್ಟ್ರೋಕ್. ಆಮೇಲೆ ಮೂರು ವಾರ ಹಾಸಿಗೆಯಲ್ಲಿ ಇದ್ದದ್ದು ಸ್ಟ್ರೋಕ್‌ನಿಂದಾಗಿ. ಅಮೆರಿಕದ ಲೆಕ್ಕದಲ್ಲಿ ಮೂಳೆ ಮುರಿತವೇ ಮುಖ್ಯ ಕಾಯಿಲೆ, ಏಕೆಂದರೆ ಅಡ್ಮಿಟ್ ಆಗಲು ಅದೇ ಕಾರಣ. ಕೆನಡಾದಲ್ಲಿ ಕೇಳುವುದೇ ಬೇರೆ: ಆಸ್ಪತ್ರೆಯ ದಿನಗಳು, ಖರ್ಚು ಹೆಚ್ಚಾಗಿ ಯಾವುದಕ್ಕೆ ಹೋಯಿತು? ಹಾಗಾಗಿ ಸ್ಟ್ರೋಕ್ ಮುಖ್ಯ ಕಾಯಿಲೆ, ಅದರ ಕೋಡಿಗೆ ಮುಖ್ಯ ಕಾಯಿಲೆ ಅನ್ನುವ ಎಂ ಗುರುತು. ಅದು ಅಡ್ಮಿಟ್ ಆದ ಮೇಲೆ ಬಂದದ್ದು, ಆದ್ದರಿಂದ ಅದೇ ಕೋಡನ್ನು ಟೈಪ್ 2 ಅಂತ ಇನ್ನೊಂದು ಸಲ ಬರೆಯಬೇಕು. ಮೂಳೆ ಮುರಿತ ಅಡ್ಮಿಟ್ ಆಗುವ ಮೊದಲೇ ಇದ್ದದ್ದು, ಅದು ಟೈಪ್ 1. ಈ ಎರಡನೇ ಸಲ ಬರೆಯುವುದನ್ನೇ ಜನ ಬಿಟ್ಟುಬಿಡುತ್ತಾರೆ. ಇಲ್ಲಿ ವರ್ಷಗಟ್ಟಲೆ ಅಮೆರಿಕದ ಚಾರ್ಟ್ ನೋಡಿದವರಿಗೆ ಕೈ ತಾನಾಗಿ ಹಳೇ ದಾರಿ ಹಿಡಿಯುತ್ತದೆ, ಅದನ್ನು ಬಿಡಿಸಿಕೊಳ್ಳಲು ತಿಂಗಳುಗಳೇ ಬೇಕು.

ಪ್ರಶ್ನೆ-ಉತ್ತರ ತುಂಬಿದ ಪಿಡಿಎಫ್ ಮಾರುವವರಿದ್ದಾರೆ. ಕೊಳ್ಳಲೇಬೇಡಿ. ನನಗೊಬ್ಬರು ತೋರಿಸಿದ ಪಿಡಿಎಫ್‌ನಲ್ಲಿ ಅಮೆರಿಕದ ಉತ್ತರಗಳನ್ನೇ ಕೆನಡಾದ್ದು ಅಂತ ಹಾಕಿದ್ದರು. ವಿಶ್ವ ಆರೋಗ್ಯ ಸಂಸ್ಥೆಯ ಐಸಿಡಿ-10 ಇಂಟರ್ನೆಟ್‌ನಲ್ಲಿ ಸುಮ್ನೆ ಸಿಗುತ್ತದೆ. ಕೆನಡಾದ ಪಟ್ಟಿ ಬೆಳೆದಿರುವುದೂ ಅದರ ಮೇಲೆಯೇ, ಅದರಿಂದ ಶುರು ಮಾಡಿ.

ಇನ್ನು ಅನುಭವದ ಪತ್ರ. 'ಎಂಆರ್‌ಡಿಯಲ್ಲಿ (ಆಸ್ಪತ್ರೆಯ ದಾಖಲೆ ವಿಭಾಗದಲ್ಲಿ) ಕೆಲಸ ಮಾಡಿದ್ದಾರೆ' ಅಂತ ಒಂದು ಸಾಲು ಬರೆಸಿಕೊಂಡು ಬಂದರೆ ಏನೂ ಪ್ರಯೋಜನ ಇಲ್ಲ. ದಿನಕ್ಕೆ ಎಷ್ಟು ಚಾರ್ಟ್ ನೋಡುತ್ತಿದ್ದಿರಿ, ಡಾಕ್ಟರ ಸಹಿ ಇಲ್ಲದ ಡಿಸ್ಚಾರ್ಜ್ ಸಮ್ಮರಿಗಳನ್ನು ಹೇಗೆ ಹಿಂಬಾಲಿಸಿ ಪೂರ್ತಿ ಮಾಡಿಸುತ್ತಿದ್ದಿರಿ, ಯಾವ ಸಾಫ್ಟ್‌ವೇರ್, ಎಲ್ಲವನ್ನೂ ಬರೆಸಿ. ರಾಜೀನಾಮೆ ಕೊಡುವ ಮೊದಲೇ ಬರೆಸಿ, ಆಮೇಲೆ ಫೋನ್ ಎತ್ತುವವರೂ ಇರುವುದಿಲ್ಲ.

ನಿಮ್ಮ ಕೆಲಸದ ಮಾದರಿ ತೋರಿಸಬೇಕು ಅಂತ ರೋಗಿಯ ಚಾರ್ಟಿನ ಫೋಟೊ ಮಾತ್ರ ತೆಗೆದುಕೊಳ್ಳಬೇಡಿ, ಹೆಸರು ಅಳಿಸಿದ್ದರೂ ಬೇಡ. ಒಂಟಾರಿಯೊದಲ್ಲಿ ಆರೋಗ್ಯ ಮಾಹಿತಿಯ ಗೋಪ್ಯತೆಗೆಂದೇ 2004ರ ಕಾನೂನು ಇದೆ. ಆ ದಾಖಲೆಗಳನ್ನು ಕಾಯುವ ಕೆಲಸವನ್ನೇ ಅಲ್ವಾ ನೀವು ಕೇಳಲು ಹೊರಟಿರುವುದು? ಬೇಕಾದರೆ ಆ ಅಜ್ಜಿಯ ಹಾಗೆ ನೀವೇ ಒಂದು ಕೇಸ್ ಕಟ್ಟಿ, ಎರಡೂ ದೇಶದ ಲೆಕ್ಕದಲ್ಲಿ ಬರೆದು, ಎಲ್ಲಿ ಯಾಕೆ ಬದಲಾಯಿತು ಅಂತ ಪಕ್ಕದಲ್ಲೇ ವಿವರಿಸಿ ಇಟ್ಟುಕೊಳ್ಳಿ.