ಧರೆಯ ಮಣ್ಣಿನಿಂದ ಚಿತ್ರ

ಹಳದಿ ಮಣ್ಣನ್ನು ಕಾವಲಿ ಮೇಲೆ ಹುರಿದರೆ ಕೆಂಪಾಗುತ್ತದೆ. ಇದನ್ನು ನಾನು ಮೊದಲು ನೋಡಿದ್ದು ಬೆಂಗಳೂರಿನ ಬಾಡಿಗೆ ಮನೆಯ ಗ್ಯಾಸ್ ಒಲೆ ಮುಂದೆ ನಿಂತು. ಮಣ್ಣು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರದ ನಮ್ಮ ಚಿಕ್ಕಪ್ಪನ ತೋಟದ್ದು, ಬಾವಿ ತೋಡುವಾಗ ಬಂದಿದ್ದು. ಒಣಗಿಸಿ, ಜರಡಿ ಹಿಡಿದು, ನಾಲ್ಕು ಚಮಚದಷ್ಟನ್ನು ಹಳೇ ಕಬ್ಬಿಣದ ಕಾವಲಿಗೆ ತೆಳ್ಳಗೆ ಹರಡಿದೆ. ಮೊದಲು ಏನೂ ಆಗಲಿಲ್ಲ. ಆಮೇಲೆ ಉರಿ ಜಾಸ್ತಿ ತಾಗುವ ನಡುಭಾಗದಲ್ಲಿ ಕಿತ್ತಳೆ ಬಣ್ಣ ಹತ್ತಿತು. ನಿಧಾನವಾಗಿ ಅಂಚಿನವರೆಗೂ ಹರಡಿತು. ಕೈಯಾಡಿಸುತ್ತಾ ಹೋದ ಹಾಗೆ ಪೂರ್ತಿ ಇಟ್ಟಿಗೆ ಪುಡಿಯ ಬಣ್ಣ ಬಂತು.

ಹಳದಿ ಮಣ್ಣಿನೊಳಗಿನ ಕಬ್ಬಿಣದ ಖನಿಜದಲ್ಲಿ ನೀರಿನಂಶ ಇರುತ್ತದೆ. ಸುಮಾರು 250ರಿಂದ 300 ಡಿಗ್ರಿ ಕಾವಿಗೆ ಅದು ಹೊರಟುಹೋಗುತ್ತದೆ. ಉಳಿಯುವುದು ಹೆಮಟೈಟ್ ಅನ್ನುವ ಕೆಂಪು ಕಬ್ಬಿಣದ ಖನಿಜ. ನಮ್ಮ ಕಡೆ ಮನೆ ಕಟ್ಟಲು ಕಡಿಯುವ ಜಂಬಿಟ್ಟಿಗೆ ಕಲ್ಲಿಗೆ ಕೆಂಪು ಕೊಡುವುದೂ ಅದೇ. ಕಾರಣ ಗೊತ್ತಾದ ಮೇಲೂ ಪ್ರತಿ ಸಲ ಕಾವಲಿ ಇಟ್ಟಾಗ ನಾನು ಅಲ್ಲಿಂದ ಕದಲುವುದಿಲ್ಲ.

ಕಲಾ ಶಾಲೆ ಮುಗಿಸಿ ಏಳು ವರ್ಷ ನಾನು ಬಳಸಿದ್ದು ಅಕ್ರಿಲಿಕ್. ಟ್ಯೂಬ್ ಹಿಂಡಿದರೆ ಬಣ್ಣ ಬರುತ್ತಿತ್ತು, ಬೇಗ ಒಣಗುತ್ತಿತ್ತು, ತೊಂದರೆ ಏನೂ ಇರಲಿಲ್ಲ. ಆದರೆ ನಾನು ಬರೆಯುತ್ತಿದ್ದದ್ದು ನಮ್ಮೂರ ಧರೆಗಳನ್ನು. ಮಲೆನಾಡಿನಲ್ಲಿ ಧರೆ ಅಂದರೆ ಎಲ್ಲರಿಗೂ ಗೊತ್ತು: ಮನೆಗೋ ರಸ್ತೆಗೋ ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆ. ಆ ಕೆಂಪನ್ನು ಮೂರು ಟ್ಯೂಬ್ ಬೆರೆಸಿ ತರಲು ನೋಡುತ್ತಿದ್ದೆ. ಹತ್ತಿರ ಬರುತ್ತಿತ್ತು, ಅದೇ ಆಗುತ್ತಿರಲಿಲ್ಲ.

ಆಗ ಶೀಲಾ ಗೌಡರ ಕೆಲಸ ನನ್ನನ್ನು ಹಿಡಿದು ನಿಲ್ಲಿಸಿತು. 1957ರಲ್ಲಿ ಭದ್ರಾವತಿಯಲ್ಲಿ ಹುಟ್ಟಿದವರು. ಬೆಂಗಳೂರಿನ ಕೆನ್ ಕಲಾಶಾಲೆ, ಶಾಂತಿನಿಕೇತನ, ಲಂಡನ್ನಿನ ರಾಯಲ್ ಕಾಲೇಜ್ ಆಫ್ ಆರ್ಟ್‌ಗಳಲ್ಲಿ ಚಿತ್ರಕಲೆ ಕಲಿತವರು. ಅಷ್ಟೆಲ್ಲ ಕಲಿತು, 1990ರ ದಶಕದಲ್ಲಿ ಸಗಣಿ ಕೈಗೆತ್ತಿಕೊಂಡರು. ಸೂಜಿಗಳಿಗೆ ಉದ್ದುದ್ದ ದಾರ ಪೋಣಿಸಿ, ಕೆಂಪು ಬಣ್ಣ, ಅಂಟು ಹಚ್ಚಿ ಹಗ್ಗದ ಹಾಗೆ ಮಾಡಿ ಕೋಣೆ ತುಂಬಾ ಹರಿಯಬಿಟ್ಟರು. ಸಗಣಿಯ ಚಿತ್ರ ಬರೆಯುವುದು ಬೇರೆ, ಸಗಣಿಯಿಂದಲೇ ಮಾಡುವುದು ಬೇರೆ. ಅವರ ಕೆಲಸದಿಂದ ನನಗೆ ಸಿಕ್ಕಿದ್ದು ಈ ಒಂದು ವ್ಯತ್ಯಾಸ. ಹಾಗಾದರೆ ಧರೆಯನ್ನು ಧರೆಯ ಮಣ್ಣಿನಿಂದಲೇ ಯಾಕೆ ಬರೆಯಬಾರದು ಅನ್ನಿಸಿತು.

ನಮ್ಮ ಮನೆಗೆ ಇದು ಹೊಸದೇನಲ್ಲ. ನಾವು ದೀವರು, ಚಿತ್ತಾರ ಬರೆಯುವ ಮಲೆನಾಡಿನ ಸಮುದಾಯದವರು. ಭೂಮಿ ಹುಣ್ಣಿಮೆಗೆ ಅಜ್ಜಿ ಬುಟ್ಟಿಗೆ ಕೆಮ್ಮಣ್ಣು ಬಳಿದು, ಅಕ್ಕಿ ಹಿಟ್ಟಿನ ಬಿಳಿಯಲ್ಲಿ ಚಿತ್ತಾರ ಬರೆಯುತ್ತಿದ್ದರು. ಕುಂಚ ಪುಂಡಿ ನಾರಿನದು. ಕಪ್ಪು ಬೇಕಾದರೆ ಅಕ್ಕಿಯನ್ನು ಸೀದು ಹೋಗುವಷ್ಟು ಹುರಿಯುತ್ತಿದ್ದರು. ಹಳದಿಗೆ ಗುರಿಗೆ ಬೀಜ. ನಾನು ಅವಸರದಲ್ಲಿ ಕೆಮ್ಮಣ್ಣು ಕಲಸಿದಾಗೆಲ್ಲ ಅಜ್ಜಿ ಹೇಳುತ್ತಿದ್ದದ್ದು ಒಂದೇ: "ಮಣ್ಣು ಕೂರಲಿ ಮಗಾ, ಆಮೇಲೆ ಮುಟ್ಟು."

ಮಣ್ಣು ಕೂರಿಸುವುದೇ ನನ್ನ ಕೆಲಸದ ಮುಕ್ಕಾಲು ಪಾಲು. ಒಂದು ಬಕೆಟ್ ನೀರಿಗೆ ಎರಡು ಹಿಡಿ ಮಣ್ಣು ಹಾಕಿ ರಾತ್ರಿ ನೆನೆಸುತ್ತೇನೆ. ಬೆಳಿಗ್ಗೆ ಚೆನ್ನಾಗಿ ಕಲಕಿ, ಒಂದು ನಿಮಿಷ ಬಿಡುತ್ತೇನೆ. ಮರಳು, ಕಲ್ಲು ತಳ ಸೇರುತ್ತವೆ. ಮೇಲಿನ ಬಗ್ಗಡವನ್ನು ಮಾತ್ರ ತೆಳು ಬಟ್ಟೆಯಲ್ಲಿ ಇನ್ನೊಂದು ಬಕೆಟ್‌ಗೆ ಸೋಸುತ್ತೇನೆ. ಹೀಗೆ ಮೂರು ಸಲ. ಕೊನೆಯ ಬಕೆಟ್ಟನ್ನು ಎರಡು ದಿನ ಅಲುಗಾಡಿಸುವ ಹಾಗಿಲ್ಲ. ಮೇಲೆ ತಿಳಿನೀರು ನಿಂತ ಮೇಲೆ ಮೆತ್ತಗೆ ಬಗ್ಗಿಸಿ ಚೆಲ್ಲಿದರೆ ತಳದಲ್ಲಿ ಮೊಸರಿನಂಥ ನುಣುಪಾದ ಮಣ್ಣು ಸಿಗುತ್ತದೆ. ಬೆರಳ ತುದಿಯಲ್ಲಿ ಉಜ್ಜಿದರೆ ಕರಕರ ಅನ್ನಬಾರದು. ಕರಕರ ಅಂದರೆ ಮತ್ತೆ ಮೊದಲಿಂದ.

ಅದನ್ನು ತಟ್ಟೆಯಲ್ಲಿ ಒಣಗಿಸಿ, ಗೋಂದಿನ ನೀರು ಹಾಕಿ, ಗಾಜಿನ ಹಲಗೆ ಮೇಲೆ ಅರೆಯುತ್ತೇನೆ. ಒಣ ಪುಡಿ ಮುಟ್ಟುವಾಗ ಮಾಸ್ಕ್ ಇರಲೇಬೇಕು. ಈ ಧೂಳು ಶ್ವಾಸಕೋಶಕ್ಕೆ ಹೋಗಬಾರದು. ಗೋಂದು ಒಂದು ಪಾಲಿಗೆ ಬಿಸಿನೀರು ಎರಡು ಪಾಲು. ಸ್ವಲ್ಪ ಜೇನು ಸೇರಿಸಿದರೆ ಬಣ್ಣ ಬಿರಿಯುವುದು ಕಡಿಮೆ. ಬೂಸ್ಟು ಹಿಡಿಯದಿರಲಿ ಅಂತ ಎರಡು ಹನಿ ಲವಂಗದ ಎಣ್ಣೆ.

ಈ ಅಳತೆ ಸುಮ್ನೆ ಸಿಕ್ಕಿದ್ದಲ್ಲ. ಮೊದಲ ವರ್ಷ ಮಣ್ಣಿನ ಒರಟು ಮೈ ಹಾಗೇ ಕಾಣಲಿ ಅಂತ ಗೋಂದು ಕಡಿಮೆ ಹಾಕಿದೆ. ಒಬ್ಬರು ಒಂದು ದೊಡ್ಡ ಚಿತ್ರ ಕೊಂಡರು. ಐದು ತಿಂಗಳ ಮೇಲೆ ಫೋನ್ ಮಾಡಿ, "ಮೇಡಂ, ಫ್ರೇಮ್ ಒಳಗೆ ಕೆಳಗಡೆ ಕೆಂಪು ಪುಡಿ ಬಿದ್ದಿದೆ" ಅಂದರು. ಹೋಗಿ ನೋಡಿದೆ. ಗಾಜಿನ ಹಿಂದೆ, ಕೆಳಗಿನ ಪಟ್ಟಿ ಉದ್ದಕ್ಕೂ ಸಣ್ಣ ಗೆರೆಯ ಹಾಗೆ ನನ್ನ ಬಣ್ಣ ಉದುರಿತ್ತು. ತುಂಬಾ ಬೇಜಾರಾಯಿತು, ನಾಚಿಕೆಯೂ ಆಯಿತು. ಚಿತ್ರ ವಾಪಸ್ ತಂದು ಬೇರೆಯದನ್ನು ಕೊಟ್ಟೆ. ಅಲ್ಲಿಂದ ಮುಂದೆ ಪ್ರತಿ ಮಣ್ಣಿಗೂ ಬೇರೆ ಬೇರೆ ಪ್ರಮಾಣದ ಗೋಂದು ಹಾಕಿ ಕಾಗದದ ಪಟ್ಟಿಗಳ ಮೇಲೆ ಬಳಿದು, ಒಣಗಿದ ಮೇಲೆ ಬಿಳಿ ಬಟ್ಟೆಯಿಂದ ಉಜ್ಜಿ ನೋಡುತ್ತೇನೆ. ಬಟ್ಟೆಗೆ ಬಣ್ಣ ಹತ್ತಿದರೆ ಗೋಂದು ಸಾಲದು. ಬಣ್ಣ ಮಿರುಗಿದರೆ, ಬಿರಿದರೆ ಜಾಸ್ತಿಯಾಗಿದೆ. ಕೆಮ್ಮಣ್ಣಿಗೆ ಸರಿಹೋದ ಅಳತೆ ಬಿಳಿ ಜೇಡಿಗೆ ಸರಿಹೋಗುವುದಿಲ್ಲ.

ಅಜ್ಜಿಯ ಹಳದಿಯನ್ನು ಮಾತ್ರ ಬಿಡಬೇಕಾಯಿತು. ಬಳಿದ ಕಾಗದದ ಅರ್ಧಕ್ಕೆ ಕಪ್ಪು ಹಾಳೆ ಮುಚ್ಚಿ ಬಿಸಿಲು ಬೀಳುವ ಕಿಟಕಿಗೆ ಮೂರು ತಿಂಗಳು ಅಂಟಿಸಿದ್ದೆ. ಮಣ್ಣಿನ ಬಣ್ಣಗಳಲ್ಲಿ ಏನೂ ವ್ಯತ್ಯಾಸ ಇಲ್ಲ. ಗುರಿಗೆ ಬೀಜದ ಹಳದಿ ಮಾಸಿಹೋಗಿತ್ತು. ಬುಟ್ಟಿಗೆ ವರ್ಷ ವರ್ಷ ಹೊಸದಾಗಿ ಬರೆಯುತ್ತಾರೆ, ಅಲ್ಲಿ ಅದು ಸರಿ. ಗೋಡೆ ಮೇಲೆ ಹತ್ತಾರು ವರ್ಷ ಇರಬೇಕಾದ ಚಿತ್ರಕ್ಕೆ ಆಗುವುದಿಲ್ಲ.

ನೀಲಿಯೂ ಇಲ್ಲ. ನಮ್ಮ ಕಡೆಯ ಮಣ್ಣಿನಲ್ಲಿ ನೀಲಿ ಸಿಗುವುದಿಲ್ಲ. ಮೊದಮೊದಲು ಆಕಾಶಕ್ಕೆ ಟ್ಯೂಬ್ ಬಣ್ಣ ಹಾಕಿದೆ. ಅದು ಚಿತ್ರದಿಂದ ಹೊರಗೆ ನಿಂತ ಹಾಗೆ ಕಂಡಿತು. ಆಮೇಲೆ ಆಕಾಶ ಬರೆಯುವುದನ್ನೇ ಬಿಟ್ಟೆ. ಈಗ ಧರೆ ಕಾಗದದ ಮೇಲಿನ ಅಂಚಿನಿಂದಲೇ ಶುರುವಾಗುತ್ತದೆ. ಮೇಲೆ ಬೇರು ತುಂಬಿದ ಕಪ್ಪು ಮಣ್ಣು, ಅದರ ಕೆಳಗೆ ಕೆಮ್ಮಣ್ಣು ಮತ್ತು ಜಂಬಿಟ್ಟಿಗೆ, ಆಮೇಲೆ ಕೆಂಪು ಹಳದಿ ಕಲೆಕಲೆ, ತಳದಲ್ಲಿ ಬಿಳಿ ಜೇಡಿ. ಧರೆಯಲ್ಲಿ ಯಾವ ಪದರ ಎಲ್ಲಿದೆಯೋ ಕಾಗದದಲ್ಲೂ ಅದೇ ಜಾಗದಲ್ಲಿ, ಅದೇ ಮಣ್ಣಿನಲ್ಲಿ. ನೋಡುವವರು ಚಿತ್ರದ ಮುಂದೆ ಜಾಸ್ತಿ ಹೊತ್ತು ನಿಲ್ಲಲು ಶುರುಮಾಡಿದ್ದು ಆಕಾಶ ಹೋದ ಮೇಲೆಯೇ.

ನನ್ನ ಕಪಾಟಿನಲ್ಲಿ ಈಗ 31 ಡಬ್ಬಿಗಳಿವೆ. ಪ್ರತಿಯೊಂದರ ಮೇಲೂ ಊರು, ತಾರೀಕು, ನೆಲದಿಂದ ಎಷ್ಟು ಅಡಿ ಆಳ ಅಂತ ಬರೆದಿದೆ. ಒಂದು ಡಬ್ಬಿಯಲ್ಲಿರುವುದು ನಮ್ಮೂರ ತಿರುವಿನ ಧರೆಯ ಮಣ್ಣು, ನಸುಗೆಂಪು, ಮಾಗಿದ ಪೇರಲೆ ಹಣ್ಣಿನ ಒಳಗಿನ ಬಣ್ಣ. ಹೋದ ಮಳೆಗಾಲದಲ್ಲಿ ಆ ಧರೆ ಕುಸಿಯಿತು. ಈಗ ಅಲ್ಲಿ ಕಾಂಕ್ರೀಟ್ ಗೋಡೆ ಕಟ್ಟಿದ್ದಾರೆ. ಅಂಥ ಬಣ್ಣ ಮತ್ತೆಲ್ಲೂ ನನಗೆ ಸಿಕ್ಕಿಲ್ಲ. ಡಬ್ಬಿಯಲ್ಲಿ ಅರ್ಧದಷ್ಟು ಉಳಿದಿದೆ. ಮೂರು ಅಡಿ ಎತ್ತರದ ಒಂದು ಚಿತ್ರಕ್ಕೆ ಸಾಕು. ಪೆನ್ಸಿಲ್ ಗೆರೆ ಹಾಕಿ ಆಗಿದೆ, ಗೋಂದು ನೆನೆಯುತ್ತಿದೆ.