ಬೇರಿಂಗ್ ಪದೇಪದೇ ಹೋಗುತ್ತಿದ್ದರೆ ಮೊದಲು ಶಾಫ್ಟ್ ಅಳೆಯಿರಿ

ಬನಹಟ್ಟಿಯ ಮಗ್ಗವಿರಲಿ, ಮುಧೋಳದ ಕಬ್ಬಿನ ಗಾಣವಿರಲಿ, ಹಳ್ಳಿಯ ಹಿಟ್ಟಿನ ಗಿರಣಿಯಿರಲಿ, ಒಂದೇ ಜಾಗದ ಬೇರಿಂಗ್ ವರ್ಷಕ್ಕೆರಡು ಸಲ ಗರಗರ ಎನ್ನತೊಡಗಿದರೆ ಬೈಗುಳ ತಿನ್ನುವುದು ಬೇರಿಂಗ್ ಕಂಪನಿ. ಮಾಲು ನಕಲಿಯಲ್ಲದಿದ್ದರೆ ದೋಷ ಹೆಚ್ಚಾಗಿ ಶಾಫ್ಟಿನಲ್ಲಿ (ಬೇರಿಂಗ್ ಕೂರುವ, ತಿರುಗುವ ದಂಡದಲ್ಲಿ), ಕೂರಿಸಿದ ಕೈಯಲ್ಲಿ ಅಥವಾ ಬೆಲ್ಟಿನ ಬಿಗಿಯಲ್ಲಿ ಇರುತ್ತದೆ.

ಹಳೆಯದನ್ನು ಗುಜರಿಗೆ ಎಸೆಯಬೇಡಿ. ಡೀಸೆಲ್‌ನಲ್ಲಿ ತೊಳೆದು ಬೆಳಕಿಗೆ ಹಿಡಿಯಿರಿ. ಒಳರಿಂಗಿನ ತೂತಿನಲ್ಲಿ ಕಂದು ಪುಡಿ ಅಥವಾ ಉಜ್ಜಿದ ಹೊಳಪು ಕಂಡರೆ ಅದು ಶಾಫ್ಟಿನ ಮೇಲೆ ಜಾರಿ ತಿರುಗಿದೆ. ಗುಂಡು ಓಡುವ ದಾರಿಯಲ್ಲಿ ಗುಂಡುಗಳ ಅಂತರಕ್ಕೆ ಸರಿಯಾಗಿ ತಗ್ಗು ಬಿದ್ದಿದ್ದರೆ, ಕೂರಿಸುವಾಗಲೇ ಸುತ್ತಿಗೆ ಏಟು ಗುಂಡುಗಳ ಮೂಲಕ ಹಾಯ್ದಿದೆ. ನೀಲಿ ತಿರುಗಿದ್ದರೆ ಅತಿಯಾದ ಕಾವು. ಲೋಹ ಕರಗಿದಂಥ ಸಣ್ಣ ಗುಳಿಗಳಿದ್ದರೆ ವೆಲ್ಡಿಂಗ್ ಮಾಡಿದವರು ಅರ್ಥ್ ಕ್ಲಾಂಪನ್ನು ದೂರದ ಮಷಿನ್ ಬೆಡ್‌ಗೆ ಕಚ್ಚಿಸಿದ್ದಾರೆ, ಕರೆಂಟ್ ಬೇರಿಂಗ್ ದಾಟಿ ಹೋಗಿದೆ. ಕ್ಲಾಂಪ್ ಯಾವಾಗಲೂ ವೆಲ್ಡ್ ಮಾಡುವ ತುಂಡಿಗೇ ಇರಲಿ.

ನಂಬರ್ ಓದುವುದು ಸುಲಭ. 6206ರಲ್ಲಿ 6 ಎಂದರೆ ಡೀಪ್ ಗ್ರೂವ್ ಬಾಲ್ ಬೇರಿಂಗ್, 2 ಎಂದರೆ ಹಗುರ ಸರಣಿ, ಕೊನೆಯ 06ನ್ನು 5ರಿಂದ ಗುಣಿಸಿದರೆ ತೂತು 30 ಎಂಎಂ. ಈ ಗುಣಾಕಾರ 04ರಿಂದ ಮೇಲಕ್ಕೆ ಮಾತ್ರ. 00, 01, 02, 03 ಕ್ರಮವಾಗಿ 10, 12, 15, 17 ಎಂಎಂ. 6206ರ ಹೊರವ್ಯಾಸ 62, ಅಗಲ 16. ಅದೇ ತೂತಿನ 6306 ಬೇಕೆಂದರೆ 72 ಮತ್ತು 19. ಹೌಸಿಂಗ್ (ಹೊರರಿಂಗ್ ಕೂರುವ ಗೂಡು) ಬದಲಿಸದೆ ಅದು ಕೂರುವುದಿಲ್ಲ.

ಇನ್ನು ಅಳತೆ. ಬೆಲ್ಟಿನಿಂದ ತಿರುಗುವ ಶಾಫ್ಟಿಗೆ ಒಳರಿಂಗ್ ಬಿಗಿಯಾಗಿರಬೇಕು. ಅದಕ್ಕೆ ಶಾಫ್ಟ್ ತೂತಿಗಿಂತ ಕೂದಲೆಳೆಯಷ್ಟು ದಪ್ಪವಿರುವ ಅಳತೆ ದರ್ಜೆಯೇ ಕೆ6. 30 ಎಂಎಂಗೆ ಕೆ6 ಫಿಟ್ ಎಂದರೆ ಶಾಫ್ಟ್ 30.002ರಿಂದ 30.015, ಬೇರಿಂಗಿನ ತೂತು 29.990ರಿಂದ 30.000. ಹೌಸಿಂಗಿನ ತೂತಿನ ದರ್ಜೆ ಎಚ್7, ಅಂದರೆ 62.000ರಿಂದ 62.030. ವರ್ನಿಯರ್ ಇಲ್ಲಿ ಕೆಲಸಕ್ಕೆ ಬಾರದು, ಮೈಕ್ರಾನ್ (ಎಂಎಂನ ಸಾವಿರದಲ್ಲೊಂದು ಭಾಗ) ತೋರಿಸುವ ಮೈಕ್ರೋಮೀಟರೇ ಬೇಕು. ಬೇರಿಂಗ್ ಕೂರುವ ಜಾಗದ ಎರಡೂ ತುದಿಯಲ್ಲಿ, ಪ್ರತಿ ತುದಿಯಲ್ಲೂ 90 ಡಿಗ್ರಿ ತಿರುಗಿಸಿ ಅಳೆಯಿರಿ.

ಸಡಿಲ ಕಂಡರೆ ಸೆಂಟರ್ ಪಂಚ್ ಹೊಡೆದು ಶಾಫ್ಟ್ ಉಬ್ಬಿಸುವ ಚಾಳಿ ನಮ್ಮ ಕಡೆ ಎಲ್ಲೆಲ್ಲೂ ಇದೆ. ಭಾರವೆಲ್ಲ ಆ ಚುಕ್ಕೆಗಳ ತುದಿಯ ಮೇಲೆ ಬಿದ್ದು, ಅವು ಬೇಗ ಚಪ್ಪಟೆಯಾಗಿ ಮೊದಲಿನ ಸಡಿಲವೇ ಮರಳುತ್ತದೆ. ಸೆಂಟರ್ ಬೇರೆ ತಪ್ಪುತ್ತದೆ. ಇನ್ನು ಕೆಲವರು ಸವೆದ ಜಾಗವನ್ನು 25ಕ್ಕೆ ಇಳಿಸಿ 6205 ಹಾಕಿಸುತ್ತಾರೆ. ಶಾಫ್ಟಿನ ಬಲ ವ್ಯಾಸದ ಘನಕ್ಕೆ ತಕ್ಕಂತೆ ಇಳಿಯುವುದರಿಂದ ಉಳಿಯುವುದು ಶೇ. 58 ಮಾತ್ರ. ಇಎನ್8 (ಮಧ್ಯಮ ಇಂಗಾಲದ ಉಕ್ಕು) ರಾಡಿನಲ್ಲಿ ಹೊಸ ಶಾಫ್ಟ್ ಮಾಡಿಸಿ. ಬೆಳಗಾವಿಯ ಉದ್ಯಮಬಾಗ್‌ನಲ್ಲಿ ಲೇಥ್, ಗ್ರೈಂಡಿಂಗ್ ಎರಡೂ ಸಿಗುತ್ತವೆ. ಬರೀ "30 ಮಾಡಿ" ಎನ್ನದೆ "30 ಕೆ6, ಭುಜದ ಮೂಲೆ ರೇಡಿಯಸ್ 0.8" ಎಂದು ಚೀಟಿಯಲ್ಲಿ ಬರೆದುಕೊಡಿ. ಭುಜ ಎಂದರೆ ಬೇರಿಂಗ್ ತಾಗಿ ನಿಲ್ಲುವ ಶಾಫ್ಟಿನ ಮೆಟ್ಟಿಲು. ಅದರ ಮೂಲೆ ಚೂಪಾಗಿದ್ದರೆ ಬಿರುಕು ಹುಟ್ಟುವುದು ಅಲ್ಲಿಂದಲೇ; ರೇಡಿಯಸ್ 1 ಎಂಎಂ ಮೀರಿದರೆ ಬೇರಿಂಗ್ ಭುಜಕ್ಕೆ ತಾಗುವುದಿಲ್ಲ.

ಶಾಫ್ಟಿಗೆ ಏರಿಸುವಾಗ ಒತ್ತು ಒಳರಿಂಗಿನ ಮೇಲೆ ಮಾತ್ರ. ಒಳಗೆ 32, ಹೊರಗೆ 38 ಎಂಎಂ ಇರುವ, ತುದಿ ನೇರವಾಗಿ ಕತ್ತರಿಸಿದ ಪೈಪ್ 6206ಕ್ಕೆ ಸಾಕು. ಸೀಲ್ ಇಲ್ಲದ ಓಪನ್ ಬೇರಿಂಗ್ ಆದರೆ ಎಣ್ಣೆಯಲ್ಲಿ ಜಾಲರಿಯ ಮೇಲಿಟ್ಟು, ತಳಕ್ಕೆ ತಾಗದಂತೆ ಕಾಯಿಸಿ. ಶಾಫ್ಟಿಗಿಂತ 80 ಡಿಗ್ರಿ ಹೆಚ್ಚು ಕಾದರೆ ತೂತು ಸುಮಾರು 0.029 ಎಂಎಂ ಹಿಗ್ಗುತ್ತದೆ, ಶಾಫ್ಟ್ 30.015, ತೂತು 29.990 ಇದ್ದಾಗಿನ ಅತಿ ಬಿಗಿಯಾದ 0.025ಕ್ಕೂ ಸಾಲುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಿಗೆ ಶಾಫ್ಟೇ 40 ಡಿಗ್ರಿ ಇದ್ದರೆ ಬೇರಿಂಗ್ 120ಕ್ಕೆ ಬರಬೇಕು, ಅದನ್ನು ಮೀರಬಾರದು. ಗ್ಯಾಸ್ ಜ್ವಾಲೆ ನೇರ ಹಿಡಿದರೆ ಉಕ್ಕಿನ ಗಡಸುತನವೇ ಹೋಗುತ್ತದೆ. ರಬ್ಬರ್ ಸೀಲಿನ 2ಆರ್‌ಎಸ್ ಬೇರಿಂಗನ್ನು ಎಣ್ಣೆಗೆ ಹಾಕಬೇಡಿ, ಪೈಪಿನಿಂದಲೇ ಒತ್ತಿ.

ಬೆಲ್ಟ್ ಬಿಗಿಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಬಾಲ್ ಬೇರಿಂಗಿನ ಮೇಲೆ ಭಾರ ಎರಡರಷ್ಟಾದರೆ ಆಯುಷ್ಯ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಪುಲ್ಲಿಯ ಜಾಗವೂ ಅಷ್ಟೇ ಮುಖ್ಯ. ಎರಡು ಬೇರಿಂಗ್ ನಡುವೆ 400 ಎಂಎಂ ಇದ್ದು, ಪುಲ್ಲಿ ಹೊರಗೆ 100 ಎಂಎಂ ದೂರದಲ್ಲಿದ್ದರೆ ಹತ್ತಿರದ ಬೇರಿಂಗಿಗೆ ಎಳೆತದ 1.25 ಪಟ್ಟು ಭಾರ, 200 ಎಂಎಂ ದೂರವಾದರೆ 1.5 ಪಟ್ಟು. ಇಷ್ಟಕ್ಕೇ ಆಯುಷ್ಯ ಶೇ. 42ರಷ್ಟು ಕುಸಿಯುತ್ತದೆ. ಪುಲ್ಲಿಯನ್ನು ಆದಷ್ಟು ಒಳಗೆ ತನ್ನಿ.

ಗ್ರೀಸ್ ಹೌಸಿಂಗಿನ ಖಾಲಿ ಜಾಗದ ಮೂರನೇ ಒಂದರಿಂದ ಅರ್ಧದವರೆಗೆ ಸಾಕು. ತುಂಬಿ ತುಳುಕಿಸಿದರೆ ಗ್ರೀಸ್ ಕಡೆದು ಕಡೆದು ತಾನೇ ಕಾಯುತ್ತದೆ. ಮೊದಲ ಓಟದಲ್ಲಿ ಕಾವು ಸ್ವಲ್ಪ ಏರಿ ಮತ್ತೆ ಇಳಿದು ನಿಲ್ಲಬೇಕು. ಇಳಿಯದೆ ಏರುತ್ತಲೇ ಹೋದರೆ ಮಷಿನ್ ನಿಲ್ಲಿಸಿ ಮುಚ್ಚಳ ಬಿಚ್ಚಿ, ಹೆಚ್ಚಿನ ಗ್ರೀಸ್ ತೆಗೆದು ಬೆಲ್ಟಿನ ಬಿಗಿ ಮತ್ತೊಮ್ಮೆ ನೋಡಿ.